ಅಪ್‌ಡೇಟ್: ಐಸಿಯು ನರ್ಸ್ ಕೆಲಸ ಸಿಕ್ಕಿತು

ಹಾವೇರಿ ಕಡೆಯ ನರ್ಸಿಂಗ್ ಹೋಮ್‌ನಲ್ಲಿರುವ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ ನರ್ಸ್ ನಾನು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಅರ್ಜಿ ಹಾಕಿದರೆ ಫೋನೇ ಬರುವುದಿಲ್ಲ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಕೆಲಸ ಸಿಕ್ಕಿತು, ಮುಂದಿನ ತಿಂಗಳು ಸೇರುತ್ತೇನೆ.

ನೀವು ಹೇಳಿದ್ದರಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು, 'ರೋಗಿಗಳ ಆರೈಕೆ ಮಾಡಿದ್ದೇನೆ' ಅನ್ನುವ ಸಾಲನ್ನು ರೆಸ್ಯೂಮ್‌ನಿಂದ ಕಿತ್ತುಹಾಕಿದ್ದು. ಅದನ್ನು ಎಲ್ಲಾ ನರ್ಸ್‌ಗಳೂ ಬರೆಯುತ್ತಾರೆ, ಅಲ್ವಾ? ಬದಲಿಗೆ ಹೀಗೆ ಹಾಕಿದೆ: '6 ಬೆಡ್‌ನ ಐಸಿಯು. ನೈಟ್ ಶಿಫ್ಟ್‌ನಲ್ಲಿ 2 ರೋಗಿಗಳ ಜವಾಬ್ದಾರಿ. ವೆಂಟಿಲೇಟರ್ ಆರೈಕೆ, ಸಕ್ಷನ್, ಇನ್ಫ್ಯೂಷನ್ ಪಂಪ್.' ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಹೆಸರಿನ ಕೆಳಗೇ ಬಂತು. ಬಿಎಲ್‌ಎಸ್ (ಉಸಿರು, ಹೃದಯ ನಿಂತಾಗ ಮಾಡುವ ತುರ್ತು ಜೀವರಕ್ಷಣೆ) ಸರ್ಟಿಫಿಕೇಟ್‌ಗೆ 2 ವರ್ಷವಷ್ಟೇ ಆಯುಷ್ಯ, ಹಾಗಾಗಿ ಅದರ ಕೊನೆಯ ತಾರೀಖನ್ನೂ ಬರೆದೆ. ತಂದೆ ಹೆಸರು, ಹವ್ಯಾಸ ಎಲ್ಲಾ ಹೋಯಿತು.

ಇಂಟರ್ವ್ಯೂನಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ 'ನಿನ್ನ ಬಗ್ಗೆ ಹೇಳು' ಅನ್ನಲೇ ಇಲ್ಲ. ನೇರವಾಗಿ, "ಇನ್ಸುಲಿನ್ ಕೊಡೋಕೆ ಮುಂಚೆ ಏನಮ್ಮ ನೋಡ್ತೀಯಾ?" ಅಂದರು. ರೋಗಿಯ ಹೆಸರು, ಐಡಿ ಬ್ಯಾಂಡ್, ಜಿಆರ್‌ಬಿಎಸ್ (ಆ ಹೊತ್ತಿನ ರಕ್ತದ ಸಕ್ಕರೆ ಮಟ್ಟ), ಊಟ ಬಂದಿದೆಯಾ, ಡೋಸನ್ನು ಇನ್ನೊಬ್ಬ ನರ್ಸ್ ಹತ್ತಿರ ಚೆಕ್ ಮಾಡಿಸುವುದು, ಎಲ್ಲಾ ಹೇಳಿದೆ. ಆಮೇಲೆ ಎಸ್‌ಬಿಎಆರ್ ಪ್ರಕಾರ ಹ್ಯಾಂಡ್‌ಓವರ್ (ಮುಂದಿನ ಶಿಫ್ಟ್‌ನವರಿಗೆ ರೋಗಿಯ ವಿವರ ಒಪ್ಪಿಸುವುದು) ಕೊಡು ಅಂದರು: ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಮುಂದೇನು. ಅದನ್ನು ಕನ್ನಡಿ ಮುಂದೆ ಜೋರಾಗಿ ಹೇಳಿ ಅಂತ ನಿಮ್ಮಲ್ಲೊಬ್ಬರು ಬರೆದಾಗ ಸುಮ್ನೆ ನಕ್ಕಿದ್ದೆ. ಅವರಿಗೆ ದೊಡ್ಡ ಥ್ಯಾಂಕ್ಸ್!

ಸಂಬಳ ಅಂದುಕೊಂಡಷ್ಟಿಲ್ಲ. ಆದರೆ ಹಾಸ್ಟೆಲ್ ಇದೆ, ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇಲ್ಲ, ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವುದಿಲ್ಲ. ಇವನ್ನು ಸಹಿ ಹಾಕುವ ಮೊದಲೇ ಆಫರ್ ಲೆಟರ್‌ನಲ್ಲಿ ಬರೆಸಿಕೊಂಡೆ.