ಊಟದ ಮೂಲಕ ಮೈ ಸೇರುವ ವಿಕಿರಣಕ್ಕೆ ಏನೆನ್ನೋಣ? ಜೊತೆಗೆ ‘ಬಸಿ’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

1986ರಲ್ಲಿ ಅಣುವಿದ್ಯುತ್ ಸ್ಥಾವರ ಸ್ಫೋಟಿಸಿದ ಚೆರ್ನೋಬಿಲ್ ಸುತ್ತಲಿನ ಹಳ್ಳಿಗಳ ಊಟ ಮತ್ತು ವಿಕಿರಣದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದೆ.

ನಾವೆಲ್ಲ ‘ವಿಕಿರಣಕ್ಕೆ ಒಡ್ಡಿಕೊಳ್ಳುವುದು’ ಅಂತ ಬರೆಯುತ್ತೇವೆ. ಎಕ್ಸ್‌ರೇ ವಿಷಯಕ್ಕೆ ಇದು ಸರಿ. ಬಿಸಿಲಿಗೆ ಮೈ ಒಡ್ಡಿದ ಹಾಗೆ, ಪಕ್ಕಕ್ಕೆ ಸರಿದರೆ ಮುಗಿಯಿತು. ಆದರೆ ಉಕ್ರೇನಿನ ಉತ್ತರ ಮತ್ತು ಬೆಲಾರೂಸಿನ ದಕ್ಷಿಣದಲ್ಲಿ ಹಬ್ಬಿರುವ ಪೊಲೇಸಿಯಾದಲ್ಲಿ ಹಾಗಲ್ಲ. ಆ ಸ್ಫೋಟದಿಂದ ಬಿದ್ದ, ವಿಕಿರಣ ಸೂಸುವ ಸೀಸಿಯಂ-137 ಎಂಬ ವಸ್ತು ಅಲ್ಲಿನ ಮಣ್ಣಿನಲ್ಲಿ ಇನ್ನೂ ಇದೆ. ಜೇಡಿಮಣ್ಣಾಗಿದ್ದರೆ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು. ಅಲ್ಲಿ ಜೌಗು ನೆಲ ಜಾಸ್ತಿ, ಅದು ಬಿಟ್ಟುಕೊಡುತ್ತದೆ. ಸೀಸಿಯಂ ಗುಣದಲ್ಲಿ ಪೊಟ್ಯಾಸಿಯಂ ಥರ, ಹಾಗಾಗಿ ಹುಲ್ಲು ಅದನ್ನು ಹೀರುತ್ತದೆ. ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಅಲ್ಲಿಂದ ಮಕ್ಕಳ ಮೈಗೆ. ಒಂದೇ ಊರಿನ ಅಕ್ಕಪಕ್ಕದ ಎರಡು ಮನೆಗಳಲ್ಲೂ ಲೆಕ್ಕ ಬೇರೆ ಬೇರೆ. ಕಾಡಿನ ಅಣಬೆ, ಕಾಡಿನ ಹಣ್ಣು, ಕಾಡಂಚಿನಲ್ಲಿ ಮೇಯ್ದ ಹಸುವಿನ ಹಾಲು ಬಳಸುವ ಮನೆಯವರ ಮೈಯಲ್ಲಿ ಹೆಚ್ಚು.

ಇದಕ್ಕೆ ‘ಆಂತರಿಕ ವಿಕಿರಣ’ ಅನ್ನುತ್ತಾರೆ. ಆದರೆ ಅದು ಬಾಯಿಂದಲೇ ಒಳಗೆ ಹೋಯಿತು ಅಂತ ಈ ಪದ ಹೇಳುವುದಿಲ್ಲ. ‘ಉಂಡ ವಿಕಿರಣ’ ಚೆನ್ನಾಗಿ ಕೇಳಿಸುತ್ತದೆ, ಚಿಕ್ಕದು ಕೂಡ. ಆದರೆ ಉಂಡದ್ದು ವಿಕಿರಣವನ್ನಲ್ಲ, ಅದನ್ನು ಸೂಸುವ ವಸ್ತುವನ್ನು. ಈ ವ್ಯತ್ಯಾಸವನ್ನು ನಾನು ಬಿಡಲಾರೆ. ಯಾಕೆಂದರೆ ವಸ್ತು ಒಳಗೆ ಬಂದ ಹಾಗೆ ಹೊರಗೂ ಹೋಗುತ್ತದೆ. ಮಣ್ಣಿನಲ್ಲಿರುವ ಸೀಸಿಯಂ ಅರ್ಧವಾಗಲು 30 ವರ್ಷ ಬೇಕು. ದೊಡ್ಡವರ ಮೈಯಿಂದ ಅರ್ಧ ಹೊರಹೋಗಲು ಸುಮಾರು 3 ತಿಂಗಳು ಸಾಕು, ಮಕ್ಕಳಲ್ಲಿ ಇನ್ನೂ ಬೇಗ. ಊಟ ಬದಲಾದರೆ ಮೈಯಲ್ಲಿರುವುದು ಇಳಿಯುತ್ತದೆ. ಆ ಊರುಗಳಲ್ಲೇ ಬದುಕಬೇಕಾದವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ‘ಮೈಸೇರಿದ ವಿಕಿರಣವಸ್ತು’ ಅಂದರೆ ಹೇಗೆ? ಸ್ವಲ್ಪ ಉದ್ದವಾಯಿತು, ಅಲ್ವಾ?

ಇನ್ನೊಂದು ‘ಬಸಿ’. ಅಣಬೆಯನ್ನು ಉಪ್ಪುನೀರಿನಲ್ಲಿ ಬೇಯಿಸಿದರೆ ಸೀಸಿಯಂನ ದೊಡ್ಡ ಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಬೇಕು. ‘ಬೇಯಿಸಿ ಬಸಿಯಿರಿ’ ಅಂತ ಬರೆದರೆ ಮಂಡ್ಯ, ಮೈಸೂರು ಕಡೆಯವರು ಏನು ತಿಳಿಯುತ್ತಾರೆ? ಸೊಪ್ಪು ಕಾಳು ಬಸಿದರೆ ಅಲ್ಲಿ ಕಟ್ಟು, ಅಂದರೆ ಬೇಯಿಸಿದ ನೀರು, ಎತ್ತಿಡುತ್ತಾರೆ, ಅದರಲ್ಲೇ ಬಸ್ಸಾರು. ಬಸಿಯುವುದು ಅಂದರೆ ಉಳಿಸಿಕೊಳ್ಳುವುದು. ನನಗೆ ಬೇಕಾದ ಅರ್ಥ ಪೂರ್ತಿ ಉಲ್ಟಾ.

ಹಾಲಿನ ಭಾಗದಲ್ಲಿ ಈ ಕಷ್ಟ ಬರಲಿಲ್ಲ. ಎಷ್ಟು ಕಾಯಿಸಿದರೂ ಸೀಸಿಯಂ ಹೋಗುವುದಿಲ್ಲ. ಕಡೆದರೆ ಅದು ಮಜ್ಜಿಗೆಯಲ್ಲೇ ಉಳಿಯುತ್ತದೆ, ಬೆಣ್ಣೆಗೆ ಬರುವುದು ತೀರಾ ಕಡಿಮೆ. ಕಾಯಿಸು, ಕಡೆ, ಮಜ್ಜಿಗೆ, ಬೆಣ್ಣೆ, ಎಲ್ಲ ಮನೆಯ ಮಾತೇ.

‘ಬೇಯಿಸಿದ ನೀರು ಚೆಲ್ಲಿ’ ಅಂತ ಬಿಡಿಸಿ ಬರೆಯಬಹುದು, ಸದ್ಯಕ್ಕೆ ಹಾಗೇ ಬರೆದಿದ್ದೇನೆ. ಆದರೆ ಮಲೆನಾಡು, ಕೊಡಗು, ಕರಾವಳಿಯವರು ಮಳೆಗಾಲದಲ್ಲಿ ಕಾಡಿನ ಅಣಬೆ ತಂದು ಅಡುಗೆ ಮಾಡುತ್ತೀರಿ. ಮೊದಲ ನೀರು ಚೆಲ್ಲುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ಅದಕ್ಕೆ ಏನಂತೀರಿ?