ಪ್ರಶ್ನೋತ್ತರ: ಲಿನಕ್ಸ್ ಹಾಕಿಸೋದಾ, ವಿಂಡೋಸೇ ಇರಲಾ?

ರಿಪೇರಿಯವರು, ಶಿರಸಿ: ಎಲ್ಲರಿಗೂ ನಮಸ್ಕಾರ. ಇವತ್ತು ಅಂಗಡಿಗೆ ರಜೆ, ಸಂಜೆಯವರೆಗೆ ಕೇಳಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಹಾಗಾದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಲಿನಕ್ಸ್ ಹಾಕಿಸೋದಾ ಅನ್ನುವ ಪ್ರಶ್ನೆಯೇ ಜಾಸ್ತಿ ಬರುತ್ತದೆ ಅಂತ ಗೊತ್ತು.

ಟೀಚರ್, ಕುಮಟಾ: ಸರ್, ಶಾಲೆಯಲ್ಲಿ ಆರು ಹಳೇ ಕಂಪ್ಯೂಟರ್ ಇವೆ, 4 ಜಿಬಿ ರ್‍ಯಾಮ್. ವಿಂಡೋಸ್ 11 ಆಗಲ್ಲ ಅಂತ ತೋರಿಸುತ್ತವೆ. ಲಿನಕ್ಸ್ ಹಾಕಿದರೆ ಮಕ್ಕಳಿಗೆ ಕಷ್ಟವಾ?

ರಿಪೇರಿಯವರು: ಮಕ್ಕಳಿಗೆ ಕಷ್ಟ ಇಲ್ಲ ಮೇಡಂ, ಕಷ್ಟ ಏನಿದ್ದರೂ ನಮ್ಮಂಥ ದೊಡ್ಡವರಿಗೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸೇ ನಡೆಯುತ್ತಿದೆ. ಮಿಂಟ್ ಅನ್ನುವ ಲಿನಕ್ಸಿನಲ್ಲಿ ಎಕ್ಸ್‌ಎಫ್‌ಸಿಇ ಅಂತ ಒಂದು ಪರದೆ ವಿನ್ಯಾಸ ಬರುತ್ತದೆ, ಅದು ಹಗುರ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಡಿಸ್ಕ್ ಮುಟ್ಟುವುದೇ ಬೇಡ.

ಅಂಕೋಲಾ ಸದಸ್ಯ: ಕನ್ನಡ ಟೈಪ್ ಮಾಡುವ ನುಡಿ ಅದರಲ್ಲಿ ಬರುತ್ತಾ?

ರಿಪೇರಿಯವರು: ನುಡಿಯ ಕೀಲಿ ಜೋಡಣೆ ಇದೆ. ಕನ್ನಡದಲ್ಲಿ ಕೆಜಿಪಿ ಅಂತ ಇರುವುದನ್ನು ಆರಿಸಿ. ಹಳೇ ನುಡಿ ಫಾಂಟಿನ ಫೈಲುಗಳನ್ನು ಮೊದಲೇ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ, ಮಾಡಿಟ್ಟುಕೊಳ್ಳಿ.

ಹೊನ್ನಾವರ ಝೆರಾಕ್ಸ್: ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ನಲ್ಲಿ ಓಡುತ್ತಾ?

ಕಾರವಾರ ಸದಸ್ಯ: ಲಿನಕ್ಸ್ ನಿಜವಾಗಲೂ ಫ್ರೀನಾ?

ರಿಪೇರಿಯವರು: ಮಿಂಟ್, ಉಬುಂಟು ಥರದ ಲಿನಕ್ಸ್ ಫ್ರೀ. ಕೂತು ಹಾಕಿಕೊಡುವ ನಾನು ಫ್ರೀ ಅಲ್ಲ.

ಅಡಿಕೆ ವ್ಯಾಪಾರಿ, ಶಿರಸಿ: ನಮ್ಮ ವಿಂಡೋಸ್ ಆಕ್ಟಿವೇಟ್ ಮಾಡಿ ಅಂತ ಮೆಸೇಜ್ ಬರುತ್ತಿತ್ತು. ವಾಟ್ಸಾಪಿನಲ್ಲಿ ದುಡ್ಡು ಕೊಡದೆ ಆಕ್ಟಿವೇಟ್ ಮಾಡುವ ಒಂದು ಆಕ್ಟಿವೇಟರ್ ಫಾರ್ವರ್ಡ್ ಬಂತು. ಆಂಟಿವೈರಸ್ ಆಫ್ ಮಾಡಿ ಓಡಿಸಿ ಅಂತ ಇತ್ತು, ಅಳಿಯ ಹಾಗೇ ಮಾಡಿದ. ಈಗ ಲೆಕ್ಕ ಬರೆಯುವ ಟ್ಯಾಲಿ ತೆರೆಯುತ್ತಿಲ್ಲ. ಎಲ್ಲ ಫೈಲ್ ಹೆಸರಿನ ಕೊನೆಗೆ ಏನೋ ಬಾಲ ಸೇರಿದೆ. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನ ಒಂದು ಚೀಟಿ ಇದೆ. ಲಿನಕ್ಸ್ ಹಾಕಿದರೆ ಸರಿ ಹೋಗುತ್ತಾ?

ರಿಪೇರಿಯವರು: ಹೆಗಡೆಯವರೇ, ಉಳಿದದ್ದೆಲ್ಲ ಬಿಡಿ. ಇಂಟರ್ನೆಟ್ ವೈರ್ ಈಗಲೇ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಬ್ಯಾಕಪ್ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆಯಿರಿ, ಬೇರೆ ಕಂಪ್ಯೂಟರಿಗೆ ಹಾಕಬೇಡಿ. ಇದು ರ್‍ಯಾನ್ಸಮ್‌ವೇರ್ ಥರ ಕಾಣುತ್ತದೆ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ಕಳ್ಳತನ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಇಂಥದೇ ಕಾಟ ಬಂದು ಇಂಗ್ಲೆಂಡಿನ ಆಸ್ಪತ್ರೆಗಳೇ ಕೈಕಟ್ಟಿ ಕೂತಿದ್ದವು. ಅದಕ್ಕೆ ಔಷಧ ಎರಡು ತಿಂಗಳು ಮೊದಲೇ ಬಂದಿತ್ತು, ಅಪ್‌ಡೇಟ್ ಹಾಕದವರೇ ಸಿಕ್ಕಿಬಿದ್ದರು.

ಫಾರ್ಮ್ಯಾಟ್ ಮಾಡಬೇಡಿ. ಚೀಟಿ ಅಳಿಸಬೇಡಿ, ಯಾವ ಜಾತಿಯ ಕಾಟ ಅಂತ ಅದರಿಂದಲೇ ಗೊತ್ತಾಗುವುದು. ಕೆಲವು ಜಾತಿಗೆ ನೋ ಮೋರ್ ರ್‍ಯಾನ್ಸಮ್ ತಾಣದಲ್ಲಿ ಬೀಗದ ಕೈ ಉಚಿತವಾಗಿ ಸಿಗುತ್ತದೆ, ಎಲ್ಲದಕ್ಕೂ ಅಲ್ಲ. ಬ್ಯಾಂಕ್ ಪಾಸ್‌ವರ್ಡ್ ಬೇರೆ ಫೋನಿನಿಂದ ಬದಲಾಯಿಸಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ನಾಳೆ ಡಿಸ್ಕ್ ತನ್ನಿ, ನನ್ನ ಲಿನಕ್ಸ್ ಮಶಿನ್ನಿಗೆ ಹಚ್ಚಿ ಒಳಗೆ ಏನು ಉಳಿದಿದೆ ನೋಡುತ್ತೇನೆ. ಲಿನಕ್ಸಿನಿಂದ ಆಗುವ ಉಪಕಾರ ಅಷ್ಟೇ, ಬೀಗ ಬಿಚ್ಚಲ್ಲ. ಮುಂದೆಯೂ ಟ್ಯಾಲಿ ಬೇಕು ಅಂದರೆ ದುಡ್ಡು ಕೊಟ್ಟ ಅಸಲಿ ವಿಂಡೋಸೇ ಬೇಕು, ಟ್ಯಾಲಿ ಲಿನಕ್ಸ್‌ನಲ್ಲಿ ನೇರ ಓಡಲ್ಲ.

ಉಳಿದವರಿಗೂ ಸೇರಿಸಿ ಹೇಳುತ್ತೇನೆ. ಆಂಟಿವೈರಸ್ ಆಫ್ ಮಾಡಿ ಅಂತ ಬರೆದ ಫೈಲ್ ಅಂದರೆ, ನಾಯಿ ಕಟ್ಟಿಹಾಕಿ ಬಾಗಿಲು ತೆರೆದಿಡಿ ಅಂತ ಕಳ್ಳನೇ ಬರೆದ ಪತ್ರ. ದಯವಿಟ್ಟು ನನಗೆ ಫಾರ್ವರ್ಡ್ ಮಾಡಬೇಡಿ.

ಕಾಲೇಜು ಹುಡುಗ, ಕಾರವಾರ: ಅದಕ್ಕೇ ಹೇಳೋದು, ಲಿನಕ್ಸಿಗೆ ವೈರಸ್ ಕಾಟ ಕಡಿಮೆ. ಅದನ್ನು ಬರೆದ ಕೋಡ್ ಎಲ್ಲರಿಗೂ ಕಾಣುತ್ತದೆ.

ಸಿದ್ದಾಪುರ ಸದಸ್ಯ: ಕಂಡರೆ ಸಾಕಾ ತಮ್ಮಾ? 2024ರಲ್ಲಿ ಎಕ್ಸ್‌ಝಡ್ ಅನ್ನುವ ಲಿನಕ್ಸ್ ತುಣುಕಿನಲ್ಲಿ ಕಳ್ಳದಾರಿ ಸೇರಿಸಿದ್ದರು. ಹಿಡಿದದ್ದು ಯಾರು ಗೊತ್ತಾ? ಮೈಕ್ರೋಸಾಫ್ಟ್ ನೌಕರ, ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಅರ್ಧ ಸೆಕೆಂಡ್ ತಡ ಆಯ್ತು ಅಂತ ಅನುಮಾನ ಬಂದು ಹುಡುಕಿದ.

ಕಾಲೇಜು ಹುಡುಗ: ಕೋಡ್ ತೆರೆದಿದ್ದಕ್ಕೇ ಅವನಿಗೆ ಸಿಕ್ಕಿತು ಅಲ್ವಾ! ವಿಂಡೋಸ್ ಒಳಗೆ ಹಾಗೆ ಇಣುಕಿ ನೋಡಿ ನೋಡೋಣ.

ಸಿದ್ದಾಪುರ ಸದಸ್ಯ: ಇಣುಕಲು ಯಾರಿಗೆ ಪುರುಸೊತ್ತು? ನೀನು ಓದಿದ್ದೀಯಾ ಒಂದು ಸಾಲು?

ಕಾಲೇಜು ಹುಡುಗ: ನಿಮ್ಮದು ದುಡ್ಡು ಕೊಡದ ಕ್ರ್ಯಾಕ್ ವಿಂಡೋಸ್ ಅಂತ ಎಲ್ಲರಿಗೂ ಗೊತ್ತು.

ಸಿದ್ದಾಪುರ ಸದಸ್ಯ: ನಾಲಿಗೆ ಬಿಗಿ ಹಿಡಿ. ನಿನ್ನ ಅಪ್ಪನ ವಯಸ್ಸು ನನ್ನದು.

ಭಟ್ಕಳ ಸದಸ್ಯ: ನುಡಿ ಬರುತ್ತಾ ಸರ್?

ರಿಪೇರಿಯವರು: ಮೇಲೆ ನೋಡಿ.

ಹೊನ್ನಾವರ ಝೆರಾಕ್ಸ್: ನನ್ನ ಪ್ರಿಂಟರ್ ಕಥೆ ಯಾರೂ ಹೇಳಲಿಲ್ಲ.

ಯಲ್ಲಾಪುರ ಸದಸ್ಯ: ವೈರಸ್ ಬಂದರೆ ವಿಂಡೋಸಿನ ಸೆಟ್ಟಿಂಗ್ ಎಲ್ಲ ಇರುವ ರಿಜಿಸ್ಟ್ರಿಯಲ್ಲಿ ಈ ಐದು ಸಾಲು ಅಳಿಸಿ, ನೂರಕ್ಕೆ ನೂರು ಹೋಗುತ್ತದೆ ಅಂತ ಒಂದು ಮೆಸೇಜ್ ಬಂದಿದೆ. ಹಾಕಲಾ?

ರಿಪೇರಿಯವರು: ಬೇಡ. ಇಬ್ಬರೂ ಜಗಳ ನಿಲ್ಲಿಸಿ, ಅಥವಾ ಬೇರೆ ಕಡೆ ಹೋಗಿ ಆಡಿ. ಹೆಗಡೆಯವರೇ, ವೈರ್ ತೆಗೆದಿರಾ?

ಅಡಿಕೆ ವ್ಯಾಪಾರಿ: ತೆಗೆದೆ. ಪೆನ್‌ಡ್ರೈವೂ ತೆಗೆದೆ. ಒಳಗೆ ಏನಿದೆ ಅಂತ ಅಳಿಯ ಅವನ ಲ್ಯಾಪ್‌ಟಾಪಿಗೆ ಹಾಕಿ ನೋಡುತ್ತಿದ್ದಾನೆ.

ರಿಪೇರಿಯವರು: ಅಯ್ಯೋ ಮಾರಾಯ್ರೆ! ಕಾಲ್ ಮಾಡುತ್ತಿದ್ದೇನೆ, ಫೋನ್ ಎತ್ತಿ.