ಸ್ಥಿರ ಬಡ್ಡಿಯ ಸಾಲ, ಏರಿದ ಕಂತು, ಗೋಡೆಯ ಬಿರುಕು

ಫ್ರಿಸ್ಕೋ, ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಗಾಗಿಯೇ ಕಳೆದ ವರ್ಷ ಇಲ್ಲಿ ಹೊಸದಾಗಿ ಕಟ್ಟಿದ ಮನೆಯನ್ನು ಕೊಂಡೆವು. 30 ವರ್ಷಗಳ ಸ್ಥಿರ ಬಡ್ಡಿಯ ಸಾಲವಾದ್ದರಿಂದ ಕಂತು ಬದಲಾಗದು ಎಂದು ನಂಬಿದ್ದೆವು. ಈಗ ತಿಂಗಳಿಗೆ 900 ಡಾಲರ್ ಹೆಚ್ಚು ಕಟ್ಟಬೇಕೆಂದು ಪತ್ರ ಬಂದಿದೆ. ಸಾಲದೆಂಬಂತೆ ಮಗಳ ಕೋಣೆಯ ಬಾಗಿಲ ಮೂಲೆಯಿಂದ ಸೂರಿನತ್ತ ಓರೆಯಾಗಿ ಬಿರುಕು ಬಿಟ್ಟಿದೆ; ಬಾಗಿಲು ಚೌಕಟ್ಟಿಗೆ ಉಜ್ಜುವುದರಿಂದ ಅವಳು ಭುಜ ಕೊಟ್ಟು ತಳ್ಳಿ ತೆರೆಯುತ್ತಾಳೆ. ಉಳಿತಾಯವೆಲ್ಲ ಮುಂಗಡಕ್ಕೇ ಹೋಯಿತು. ದುರಸ್ತಿಗೆ ಮತ್ತೆ ಸಾಲ ಮಾಡಬೇಕೇ?

ಪ್ಲೇನೋ, ಟೆಕ್ಸಸ್:
ಮೇಡಂ, ಏರಿರುವುದು ಬಡ್ಡಿಯಲ್ಲ, ಎಸ್ಕ್ರೋ; ಅಂದರೆ ಆಸ್ತಿ ತೆರಿಗೆ ಮತ್ತು ಮನೆಯ ವಿಮೆ ಕಟ್ಟಲೆಂದು ಸಾಲ ಕೊಟ್ಟವರು ಕಂತಿನ ಜೊತೆಗೇ ತೆಗೆದಿಡುವ ಹಣ. ಟೆಕ್ಸಸ್‌ನಲ್ಲಿ ಜನವರಿ 1ರಂದು ಆಸ್ತಿ ಹೇಗಿತ್ತೋ ಅದರ ಮೇಲೆ ಆ ವರ್ಷದ ತೆರಿಗೆ ನಿಗದಿಯಾಗುತ್ತದೆ. ಅಂದು ಬರಿಯ ನಿವೇಶನವಿದ್ದರೆ ಮೊದಲ ವರ್ಷ ನಿವೇಶನಕ್ಕಷ್ಟೇ ತೆರಿಗೆ, ಮರುವರ್ಷ ಇಡೀ ಮನೆಗೆ. ಆಗ ಹಿಂದಿನ ಕೊರತೆಯನ್ನೂ ಮುಂದಿನ ತೆರಿಗೆಯನ್ನೂ ಸೇರಿಸಿ ವಸೂಲು ಮಾಡುತ್ತಾರೆ. ಕೊರತೆ ತೀರಿದ ಮೇಲೆ ಕಂತು ಸ್ವಲ್ಪ ಇಳಿಯುತ್ತದೆ. ಸ್ವಂತ ವಾಸದ ಮನೆಗೆ ಆಸ್ತಿ ತೆರಿಗೆಯಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಿದ್ದೀರಾ? ಅದಕ್ಕೆ ಶುಲ್ಕವಿಲ್ಲ.

ಅರ್ವಿಂಗ್, ಟೆಕ್ಸಸ್:
ಇವೆಲ್ಲ ಸಣ್ಣ ಸಮಾಧಾನಗಳು. ಮಾರಿಬಿಡಿ ಎಂದೇ ನಾನು ಹೇಳುತ್ತೇನೆ. ಮೈಸೂರಿನಲ್ಲಿ ತಂದೆಯವರು ಕೊಡಿಸಿದ್ದ ನಿವೇಶನವನ್ನು ಮಾರಿ ನಾನು ಇಲ್ಲಿ ಮನೆ ಕೊಂಡೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಅಟ್ಟದ ನೀರಿನ ಕೊಳವೆ ಒಡೆದು, ನೆನೆದ ಸೂರು ಊಟದ ಮೇಜಿನ ಮೇಲೆಯೇ ಕುಸಿಯಿತು. ವಿಮೆ ಕೊಟ್ಟಿದ್ದು ಸಾಲದೆ, ಮನೆಯನ್ನೇ ಅಡವಿಟ್ಟು ಎರಡನೆಯ ಸಾಲ ಮಾಡಿದೆ. ಅದರ ಬಡ್ಡಿ ಸ್ಥಿರವಲ್ಲ, ಮರುವರ್ಷದಿಂದಲೇ ಏರತೊಡಗಿತು. ಆ ನಿವೇಶನ ಇಂದು ನನ್ನ ಕೈಗೆ ಎಟುಕುವುದಿಲ್ಲ. ಬಾಡಿಗೆ ಮನೆಯಲ್ಲಿದ್ದರೂ ಮಕ್ಕಳು ಓದುತ್ತಾರೆ.

ಎಡಿಸನ್, ನ್ಯೂಜೆರ್ಸಿ:
ಹಾಗೆನ್ನಬೇಡಿ ಸರ್. ಜನವರಿಯ ಚಳಿಯಲ್ಲಿ ನಮ್ಮ ಫರ್ನೇಸ್ ಕೆಟ್ಟು ನಾವೆಲ್ಲ ಒಂದೇ ಕೋಣೆಯಲ್ಲಿ ಮಲಗಿದ್ದುಂಟು, ಆದರೂ ನನ್ನ ಇಬ್ಬರು ಮಕ್ಕಳು ಕನ್ನಡ ಅಕ್ಷರ ತಿದ್ದಿದ್ದು ಆ ಮನೆಯ ಬೇಸ್‌ಮೆಂಟಿನಲ್ಲೇ. ಸ್ವಂತ ಮನೆ ಮಕ್ಕಳಿಗೆ ಬೇರು ಕೊಡುತ್ತದೆ.

ಅರ್ವಿಂಗ್:
ಬೇರಿನ ಬೆಲೆ ಎಷ್ಟು ಡಾಲರ್ ಎಂದು ಲೆಕ್ಕ ಹಾಕಿದ್ದೀರಾ, ಅಮ್ಮ? ತಡ ಮಾಡದೆ ಮಾರಲಿ.

ಫ್ರಿಸ್ಕೋ:
ಇದನ್ನೋದಿ ನಮ್ಮ ಯಜಮಾನರೂ ಮಾರುವ ಮಾತೆತ್ತಿದ್ದಾರೆ. ಬಿರುಕಿನ ವಿಷಯ ಬಲ್ಲವರು ಯಾರಾದರೂ ಇದ್ದೀರಾ?

ಆ್ಯಲನ್, ಟೆಕ್ಸಸ್:
ಅಕ್ಕಾ, ನಾನು ನರಗುಂದದವನು. ಇಲ್ಲಿನ ನೆಲವೂ ನಮ್ಮ ಎರೆಮಣ್ಣಿನಂತೆಯೇ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲಿನ ಅಡಿಪಾಯವೂ ಅಲುಗುತ್ತದೆ. ದುರಸ್ತಿ ಕಂಪನಿಯನ್ನು ಮೊದಲೇ ಕರೆಯದೆ, ಏನನ್ನೂ ಮಾರದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿಕೊಳ್ಳಿ. ಹೊಸ ಮನೆಗಳ ರಚನೆಗೆ ಕಟ್ಟಿದವರು ಸಾಮಾನ್ಯವಾಗಿ 10 ವರ್ಷಗಳ ವಾರಂಟಿ ಕೊಡುತ್ತಾರೆ. ಆ ಕಾಗದ ಹುಡುಕಿ, ವರದಿಯೊಂದಿಗೆ ಅವರಿಗೆ ಬರವಣಿಗೆಯಲ್ಲೇ ದೂರು ಕೊಡಿ. ಅಲ್ಲಿಯವರೆಗೆ ಸಾಲ ಮಾಡಬೇಡಿ. ಗೋಡೆಯಿಂದ ಒಂದಡಿ ದೂರದಲ್ಲಿ ಸೋಕರ್ ಹೋಸ್ (ಉದ್ದಕ್ಕೂ ನೀರು ಜಿನುಗುವ ಪೈಪು) ಹಾಸಿ, ಬೇಸಿಗೆಯುದ್ದಕ್ಕೂ ಮಣ್ಣಿನ ಹಸಿ ಆರದಂತೆ ನೋಡಿಕೊಳ್ಳಿ. ಬಿರುಕಿನ ತುದಿಗೆ ಇಂದೇ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಕು ಬರೆದಿಡಿ.